ನಕ್ಷತ್ರಗಳ ನಡುವೆ ಬಣ್ಣ ಹೀರುವವರು ಯಾರು?

ಕೇಳುಗರಿಗೆ ನಮಸ್ಕಾರ.

ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಆ ಜಾಗದ ಬಣ್ಣವನ್ನು ಯಾವುದೋ ಪರಮಾಣುವೋ ಅಣುವೋ ಹೀರಿಕೊಂಡಿದೆ ಎಂದರ್ಥ.

1919ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿದ್ದ ವಿದ್ಯಾರ್ಥಿನಿ ಮೇರಿ ಲೀ ಹೆಗರ್, ಹಳದಿ ಬಣ್ಣದ ಭಾಗದಲ್ಲಿ ಎರಡು ಮಸುಕು ಪಟ್ಟಿಗಳನ್ನು ಗಮನಿಸಿದರು. ಜೋಡಿ ನಕ್ಷತ್ರಗಳು ಒಂದನ್ನೊಂದು ಸುತ್ತುವಾಗ ಅವುಗಳ ಗೆರೆಗಳು ಆಚೀಚೆ ಸರಿದಾಡುತ್ತವೆ. ಇಂಥ ಪಟ್ಟಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ಅಂದರೆ ಅವು ನಕ್ಷತ್ರದ್ದಲ್ಲ, ನಡುವಿನ ಅನಿಲದ್ದು. ಈಗ ಇಂಥವು 500ಕ್ಕೂ ಜಾಸ್ತಿ ಸಿಕ್ಕಿವೆ. ಹೆಗರ್ ಕಂಡ ಆ ಎರಡಕ್ಕೆ ಕಾರಣ ಯಾರೆಂದು ನೂರು ವರ್ಷ ಕಳೆದರೂ ಗೊತ್ತಾಗಿಲ್ಲ!

ಖಚಿತವಾಗಿ ಹೆಸರು ಸಿಕ್ಕಿರುವುದು ಒಂದೇ ಅಣುವಿಗೆ. 60 ಇಂಗಾಲದ ಪರಮಾಣುಗಳು ಸೇರಿ ಫುಟ್‌ಬಾಲಿನಂತೆ ಆಗಿರುವ ಅಣು ಅದು, ಒಂದು ಎಲೆಕ್ಟ್ರಾನ್ ಕಳೆದುಕೊಂಡಿದೆ. 1994ರಲ್ಲೇ ಅದರ ಎರಡು ಪಟ್ಟಿಗಳು, ಕಣ್ಣಿಗೆ ಕಾಣದ ಕೆಂಪಿನಾಚೆಯ ಅವಗೆಂಪಿನಲ್ಲಿ, 958 ಮತ್ತು 963 ನ್ಯಾನೊಮೀಟರ್ ಅಲೆಯುದ್ದದ ಬಳಿ ಕಂಡಿದ್ದವು. ಆದರೆ ಹೋಲಿಸಲು ಇದ್ದದ್ದು ಹೆಪ್ಪುಗಟ್ಟಿದ ನಿಯಾನ್‌ನಲ್ಲಿ ಹುದುಗಿಸಿದ ಅಣುವಿನ ಅಳತೆ. ಹಾಗೆ ಹುದುಗಿಸಿದರೆ ಪಟ್ಟಿ ಸ್ವಲ್ಪ ಸರಿದುಬಿಡುತ್ತದೆ, ಹಾಗಾಗಿ ಅನುಮಾನ ಉಳಿಯಿತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜಾನ್ ಮಾಯರ್ ತಂಡ ಜಾಣ ದಾರಿ ಹಿಡಿಯಿತು. ಸೊನ್ನೆಗಿಂತ 267 ಡಿಗ್ರಿ ಕೆಳಗಿನ ಚಳಿಯಲ್ಲಿ ಆ ಅಣುವಿಗೆ ಒಂದು ಹೀಲಿಯಂ ಪರಮಾಣು ಅಂಟಿಸಿ, ಲೇಸರ್ ಹಾಯಿಸಿದರು. ಸರಿಯಾದ ಬಣ್ಣ ಬಿದ್ದಾಗ ಅಣು ಬೆಳಕು ಹೀರುತ್ತದೆ, ಹೀಲಿಯಂ ಕಳಚಿ ಹೋಗುತ್ತದೆ. ಎಷ್ಟು ಕಳಚಿದವು ಅಂತ ಎಣಿಸಿದರೆ ಆಯಿತು. ಪಟ್ಟಿಗಳು ಆಕಾಶದವಕ್ಕೆ ಹೊಂದಿಕೊಂಡವು. ಮುಂದೆ ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕವೂ ಹೌದೆಂದಿತು. ನೆಲದಿಂದ ನೋಡಿದರೆ ನಮ್ಮ ಗಾಳಿಯ ನೀರಾವಿಯದೇ ಗೆರೆಗಳು ಅಡ್ಡ ಬರುತ್ತವೆ, ಅಲ್ವಾ.

ಮಿಕ್ಕ ಪಟ್ಟಿಗಳಿಗೆ ಇಂಗಾಲದ ಉಂಗುರಗಳನ್ನು ಜೋಡಿಸಿದಂತಿರುವ ಅಣುಗಳ ಮೇಲೆ ಬಹಳ ಜನರ ಅನುಮಾನ. ಅವಗೆಂಪಿನಲ್ಲಿ ಅವು 3.3, 6.2, 7.7 ಮೈಕ್ರಾನ್‌ಗಳಲ್ಲಿ ಹೊಳೆಯುತ್ತವೆ. ಆದರೆ ಆ ಗುಂಪಿನವರೆಲ್ಲ ಇವೇ ಅಲೆಯುದ್ದಗಳಲ್ಲಿ ಹೊಳೆಯುವುದರಿಂದ, ಇಂಥವನೇ ಅಂತ ಬೆರಳು ತೋರಿಸಲು ಆಗುವುದಿಲ್ಲ. ರೇಡಿಯೊ ಅಲೆಯಲ್ಲಿ ಹಿಡಿಯಬಹುದು. ಆದರೆ ಆ ಗುಂಪಿನದೇ ಆದ ಪೈರೀನ್‌ನಂತೆ ಎಲ್ಲ ಕಡೆ ಸಮನಾದ ಅಣು ಅಲ್ಲಿ ಮೌನಿ. ಅದಕ್ಕೆ ಇಂಗಾಲ–ಸಾರಜನಕದ ಒಂದು ಬಾಲ ಅಂಟಿದರೆ ಸಮತೋಲ ಕೆಡುತ್ತದೆ, ರೇಡಿಯೊದಲ್ಲಿ ಮಾತಾಡತೊಡಗುತ್ತದೆ. 2024ರಲ್ಲಿ ವೃಷಭ ರಾಶಿಯ ಮೋಡವೊಂದರಲ್ಲಿ ಗ್ರೀನ್ ಬ್ಯಾಂಕ್ ದೂರದರ್ಶಕ ಕೇಳಿದ್ದು ಅದನ್ನೇ.

ನಮಸ್ಕಾರ.