ವರ್ಷತೊಡಕಿಗೂ ಒಂದು ರಜೆ ಕೊಡಿ

ನಮಸ್ಕಾರ. ಯುಗಾದಿಯ ಮಾರನೇ ದಿನ ಮಂಡ್ಯದ ಯಾವುದಾದರೂ ಆಫೀಸಿಗೆ ಹೋಗಿ ನೋಡಿ. ಅರ್ಧ ಕುರ್ಚಿ ಖಾಲಿ. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಸೊಂಟ ನೋವು, ಮತ್ತೊಬ್ಬರ ಅಜ್ಜಿ ಸೀರಿಯಸ್. ರಜೆ ಚೀಟಿ ಬರೆದವರಿಗೂ ಗೊತ್ತು, ಓದಿದ ಸಾಹೇಬರಿಗೂ ಗೊತ್ತು. ಅವತ್ತು ವರ್ಷತೊಡಕು. ಸಾಹೇಬರ ಮನೆಯಲ್ಲೂ ಕುಕ್ಕರ್ ಕೂಗುತ್ತಿರುತ್ತದೆ.

ನಮ್ಮ ಕಡೆ ಯುಗಾದಿ ಅಂದರೆ ಎರಡು ದಿನ. ಮೊದಲ ದಿನ ಎಣ್ಣೆ ಸ್ನಾನ, ಬೇವು ಬೆಲ್ಲ, ಒಬ್ಬಟ್ಟು, ಹೊಲದಲ್ಲಿ ಹೊನ್ನಾರು. ಎರಡನೇ ದಿನ ಬಾಡು. ಹಳ್ಳಿಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಮರದ ಕೆಳಗೆ ಟಾರ್ಪಾಲು ಹಾಸುತ್ತಾರೆ. ವರ್ಷವಿಡೀ ಚೀಟಿ ಕಟ್ಟಿದವರು ಪಾತ್ರೆ ಹಿಡಿದು ಬಂದು ಕೂರುತ್ತಾರೆ. ತಕ್ಕಡಿ ಇಲ್ಲ, ಗುಡ್ಡೆ ಲೆಕ್ಕ. ಪ್ರತಿ ಗುಡ್ಡೆಗೂ ತೊಡೆ ಮಾಂಸ ಒಂದಿಷ್ಟು, ಮೂಳೆ ಒಂದಿಷ್ಟು, ಲಿವರ್ ಒಂದು ಚೂರು, ಬೋಟಿ ಒಂದು ಹಿಡಿ. ಗುಡ್ಡೆ ಹಾಕುವವನ ಕೈ ಮೇಲೇ ಎಲ್ಲರ ಕಣ್ಣು. ಒಂದು ತುಂಡು ಈ ಕಡೆಯಿಂದ ಆ ಕಡೆಗೆ ಹೋದರೂ ಯಾರೋ ಕೆಮ್ಮುತ್ತಾರೆ. ಹೀಗಿರುವ ದಿನ ಆಫೀಸಿನಲ್ಲಿ ಕೂತು ಫೈಲ್ ನೋಡಿ ಅಂದರೆ ಹೇಗೆ ಸ್ವಾಮಿ?

ಆದರೆ ಸರ್ಕಾರಿ ರಜೆ ಪಟ್ಟಿಯಲ್ಲಿ ಯುಗಾದಿ ಇದೆ, ವರ್ಷತೊಡಕು ಇಲ್ಲ. ಇದೇನು ನಮ್ಮೂರ ಸೋಮಾರಿತನದ ಮಾತಲ್ಲ. ಹಬ್ಬದ ಮಾರನೇ ದಿನಕ್ಕೂ ಮರ್ಯಾದೆ ಕೊಡುವ ದೇಶಗಳು ಬೇಕಾದಷ್ಟಿವೆ.

ಸ್ಕಾಟ್ಲೆಂಡನ್ನೇ ನೋಡಿ. ಇಂಗ್ಲೆಂಡಿನಲ್ಲಿ ಜನವರಿ 1 ಮಾತ್ರ ರಜೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಜನವರಿ 2 ಕೂಡ ರಜೆ. ಅಲ್ಲಿಯವರಿಗೆ ಹೊಸ ವರ್ಷವೇ ದೊಡ್ಡ ಹಬ್ಬ, ರಾತ್ರಿಯೆಲ್ಲಾ ಕುಡಿತ ಕುಣಿತ. ಕ್ರಿಸ್‌ಮಸ್‌ಗೆ ಅಲ್ಲಿ ರಜೆ ಸಿಕ್ಕಿದ್ದೇ 1958ರಲ್ಲಿ! ನ್ಯೂಜಿಲೆಂಡಿನಲ್ಲೂ ಜನವರಿ 2 ರಜೆ. ಸಿಂಗಪುರದಲ್ಲಿ ಚೀನೀ ಹೊಸ ವರ್ಷಕ್ಕೆ ಎರಡು ದಿನ. ದಕ್ಷಿಣ ಕೊರಿಯಾ ಇನ್ನೂ ಒಂದು ಹೆಜ್ಜೆ ಮುಂದೆ: ಅವರ ಹೊಸ ವರ್ಷಕ್ಕೆ ಹಿಂದಿನ ದಿನ, ಹಬ್ಬದ ದಿನ, ಮಾರನೇ ದಿನ, ಒಟ್ಟು ಮೂರು. ಜರ್ಮನಿಯಲ್ಲಿ ಡಿಸೆಂಬರ್ 26 ರಜೆ, ಈಸ್ಟರ್ ಭಾನುವಾರದ ಮಾರನೇ ಸೋಮವಾರವೂ ರಜೆ.

ಇದರಲ್ಲಿ ಇನ್ನೊಂದು ಮಜಾ ಇದೆ. ಸರ್ಕಾರಕ್ಕೆ ದುಡ್ಡು ಸಾಲದೆ ಬಂದಾಗ, ಇಲ್ಲಾ ಬೇರೆ ರಜೆಗೆ ಜಾಗ ಬೇಕಾದಾಗ, ಕತ್ತರಿ ಬೀಳುವುದೂ ಹೆಚ್ಚಾಗಿ ಈ ಎರಡನೇ ದಿನಕ್ಕೇ. ಸ್ವೀಡನ್ 2005ರಲ್ಲಿ ಜೂನ್ 6ರ ರಾಷ್ಟ್ರೀಯ ದಿನಕ್ಕೆ ರಜೆ ಕೊಡಲು ಪೆಂಟೆಕೋಸ್ಟ್ ಹಬ್ಬದ ಮಾರನೇ ಸೋಮವಾರವನ್ನು ಕಿತ್ತುಹಾಕಿತು. ಫ್ರಾನ್ಸಿನಲ್ಲಿ 2003ರ ಬಿಸಿಲಿಗೆ ಸಾವಿರಾರು ವೃದ್ಧರು ತೀರಿಹೋದರು. ಅವರಂಥವರ ಆರೈಕೆಗೆ ಹಣ ಹೊಂದಿಸಲು 2004ರಲ್ಲಿ ಅದೇ ಸೋಮವಾರ ಹೆಚ್ಚುವರಿ ಸಂಬಳವಿಲ್ಲದೆ ಕೆಲಸ ಮಾಡಿ ಅಂದರು. ಉದ್ದೇಶ ಒಳ್ಳೆಯದೇ, ಆದರೂ ಜನ ಗೊಣಗಿದರು. 2025ರಲ್ಲಿ ಅಲ್ಲಿನ ಪ್ರಧಾನಿ ಬೈರೂ ಈಸ್ಟರ್ ಸೋಮವಾರಕ್ಕೂ, ಎರಡನೇ ಮಹಾಯುದ್ಧದ ವಿಜಯ ದಿನವಾದ ಮೇ 8ರ ರಜೆಗೂ ಕೈ ಹಾಕಲು ಹೋದರು. ಗಲಾಟೆ ಜೋರಾಯಿತು. ಕೊನೆಗೆ ರಜೆ ಉಳಿಯಿತು, ಬೈರೂ ಕುರ್ಚಿ ಉಳಿಯಲಿಲ್ಲ. ಬರೀ ರಜೆಯಿಂದಲೇ ಹೋಯಿತು ಅಂತಲ್ಲ, ಇಡೀ ಬಜೆಟ್ಟೇ ಜಗಳದಲ್ಲಿತ್ತು.

ಈಗ ನೀವು ಹೇಳಬಹುದು, ನಮ್ಮಲ್ಲಿ ಈಗಾಗಲೇ ರಜೆ ಜಾಸ್ತಿ ಅಲ್ವಾ ಅಂತ. ಯಾರಿಗೆ ಜಾಸ್ತಿ? ಗೋಡೆ ಕ್ಯಾಲೆಂಡರಿನ ಕೆಂಪು ದಿನಗಳೆಲ್ಲ ಸರ್ಕಾರಿ ಲೆಕ್ಕ. ಕಾರ್ಖಾನೆಯವರಿಗೆ ರಾಜ್ಯದ 1963ರ ಕಾಯ್ದೆ ಕೊಡುವುದು ವರ್ಷಕ್ಕೆ ಹತ್ತು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ. ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ ಬೆಂಕಿ ಹಾಕುವವನಿಗೆ ಅದೂ ಇಲ್ಲ. ಕಬ್ಬು ಬರದ ದಿನವೇ ಅವನಿಗೆ ರಜೆ, ಅವತ್ತು ಕೂಲಿಯೂ ಇಲ್ಲ.

ಆ ಐದು ಹಬ್ಬ ಯಾವುವು ಅಂತ ಕಾಯ್ದೆ ಹೆಸರು ಹಿಡಿದು ಬರೆದಿಲ್ಲ. ಅದನ್ನು ಆಯಾ ಜಾಗದಲ್ಲೇ ಮಾತಾಡಿ ಗೊತ್ತುಮಾಡಿಕೊಳ್ಳಬಹುದು. ಅಂದರೆ ಮದ್ದೂರು, ನಂಜನಗೂಡು ಕಡೆಯ ಫ್ಯಾಕ್ಟರಿಗಳಲ್ಲಿ ಕೆಲಸಗಾರರು ಒಟ್ಟಾಗಿ ಕೇಳಿದರೆ, ಒಂದು ಬಿಟ್ಟು ವರ್ಷತೊಡಕು ತೆಗೆದುಕೊಳ್ಳಲು ಅಡ್ಡಿ ಏನು? ಮಾಲೀಕರಿಗೆ ಒಂದು ದಿನವೂ ನಷ್ಟವಿಲ್ಲ. ಅರ್ಧ ಜನ ಬಾರದೆ ಲೈನ್ ನಿಲ್ಲುವುದಕ್ಕಿಂತ ಮೊದಲೇ ಬೀಗ ಹಾಕುವುದು ವಾಸಿ.

ಸರ್ಕಾರಿ ಕಚೇರಿ, ಶಾಲೆಗಳಿಗೂ ದಾರಿ ಇದೆ. ಕೊಡಗನ್ನು ನೋಡಿ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ, ಇವು ಕೊಡಗು ಜಿಲ್ಲೆಗೆ ಮಾತ್ರ ರಜೆ. ಬೆಂಗಳೂರಿನವರು ತಕರಾರು ತೆಗೆದಿದ್ದಾರಾ? ಜರ್ಮನಿಯ ಆಗ್ಸ್‌ಬರ್ಗ್ ಅನ್ನುವ ಒಂದೇ ಒಂದು ಊರಿಗೆ ಆಗಸ್ಟ್ 8ರಂದು ರಜೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಂತೂ ಕುದುರೆ ರೇಸಿಗೆ ರಜೆ, ನವೆಂಬರಿನ ಮೊದಲ ಮಂಗಳವಾರ. ಮೈಸೂರಿನ ರೇಸ್ ಕೋರ್ಸಿನವರು ಇದನ್ನು ಕೇಳಿಸಿಕೊಳ್ಳದಿದ್ದರೆ ಸಾಕು.

‘ಬಾಡೂಟಕ್ಕೆಲ್ಲ ರಜೆಯಾ’ ಅಂತ ಮೂಗು ಮುರಿಯುವವರೂ ಇದ್ದಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟದ ವಿಷಯಕ್ಕೆ ಎಷ್ಟು ಜಟಾಪಟಿ ಆಯಿತು, ನೆನಪಿದೆ ಅಲ್ವಾ? ಅಂಥವರಿಗೆ ಅಮೆರಿಕ ತೋರಿಸಿ. ನವೆಂಬರಿನ ನಾಲ್ಕನೇ ಗುರುವಾರ ಇಡೀ ದೇಶ ಟರ್ಕಿ ಕೋಳಿ ಮುಂದಿಟ್ಟುಕೊಂಡು ಕೂರುತ್ತದೆ. ಅದು ರಾಷ್ಟ್ರೀಯ ರಜೆ. ಹಲವು ರಾಜ್ಯಗಳಲ್ಲಿ ಮಾರನೇ ಶುಕ್ರವಾರವೂ ಸರ್ಕಾರಿ ನೌಕರರಿಗೆ ರಜೆ. ಅವರು ಉಂಡು ಮಲಗಿದರೆ ಸಂಸ್ಕೃತಿ, ನಾವು ಬೋಟಿ ಗೊಜ್ಜಿಗೆ ಮುದ್ದೆ ಮುರಿದರೆ ಮಾತ್ರ ಯಾಕೆ ಮುಜುಗರ?

ಒಂದು ತೊಡಕು ಮಾತ್ರ ನಿಜ. 2025ರಲ್ಲಿ ಯುಗಾದಿ ಭಾನುವಾರ ಬಂತು. ಭಾನುವಾರದ ಹಬ್ಬಕ್ಕೆ ನಮ್ಮ ಪಟ್ಟಿಯಲ್ಲಿ ಜಾಗವೇ ಇಲ್ಲ. ಜಪಾನಿನಲ್ಲಾದರೆ ಭಾನುವಾರ ಬಂದ ರಾಷ್ಟ್ರೀಯ ರಜೆಗೆ ಬದಲಿ ದಿನ ಕೊಡುತ್ತಾರೆ. ಆದರೆ ಆ ವರ್ಷ ಸೋಮವಾರ ರಂಜಾನ್ ಇತ್ತು. ಹೀಗೆ ಸಾಹೇಬರ ಸಹಿ ಇಲ್ಲದೆ, ಅಜ್ಜಿಗೆ ಸೀರಿಯಸ್ ಆಗದೆ, ವರ್ಷತೊಡಕಿಗೆ ಪುಕ್ಕಟೆ ರಜೆ ಸಿಕ್ಕಿತು. ಸಿಕ್ಕಿ ಏನು ಬಂತು? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸೋಮವಾರ ಬಾಡು ಮುಟ್ಟುವುದಿಲ್ಲ. ಅಂಥವರಿಗೆ ಮಂಗಳವಾರವೇ ಗತಿ. ಅದಕ್ಕೇ ಪಟ್ಟಿಗೆ ಸೇರಿಸುವಾಗ ಕೆಳಗೆ ಒಂದು ಸಾಲು ಹಾಕಲಿ: ಸೋಮವಾರ ಬಂದರೆ ಮಂಗಳವಾರ.