ಅಮ್ಮನ ಟೇಪು ಹಿಡಿದು ಊರು ಅಳೆದರೆ

ಕಳೆದ ವಾರ ಒಂದು ದಿನ ಪೂರ್ತಿ ಬೆಳಗ್ಗೆ ನಮ್ಮಮ್ಮನ ಹಿಂದೆಯೇ ಸುತ್ತಿದೆ. ಅವಳು ಎಲ್ಲೆಲ್ಲಿ ನಿಲ್ಲುತ್ತಾಳೋ ಅದನ್ನೆಲ್ಲ ಫೋನಿನಲ್ಲಿ ಬರೆದುಕೊಂಡೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯಿಂದ ಮೊದಲು ಅಂಗನವಾಡಿ. ಅಣ್ಣನ ಮಗನನ್ನು ಬಿಡಬೇಕು. ದಾರಿಯಲ್ಲೇ ಗಿರಣಿಗೆ ಜೋಳ ಕೊಟ್ಟಳು. ಆಮೇಲೆ ರೇಷನ್ ಅಂಗಡಿ. ಹೆಬ್ಬೆಟ್ಟು ಒತ್ತಿದರೆ ಸರ್ವರ್ ಇಲ್ಲ, ಆಮೇಲೆ ಬನ್ನಿ ಅಂದರು. ಅಲ್ಲಿಂದ ಬಸ್ಸು ಹಿಡಿದು ಆಸ್ಪತ್ರೆ, ಅಜ್ಜಿಯ ಬಿ.ಪಿ. ಮಾತ್ರೆಗೆ. ಕೆ.ಆರ್. ಮಾರುಕಟ್ಟೆಯಲ್ಲಿ ತರಕಾರಿ. ಮತ್ತೆ ರೇಷನ್ ಅಂಗಡಿ, ಮತ್ತೆ ಗಿರಣಿ, ಮತ್ತೆ ಅಂಗನವಾಡಿ. ಕಂಕುಳಲ್ಲಿ ಹಿಟ್ಟಿನ ಡಬ್ಬ, ಇನ್ನೊಂದು ಕೈಯಲ್ಲಿ ಚೀಲ, ಅದೇ ಕೈಯ ಕಿರುಬೆರಳು ಹಿಡಿದುಕೊಂಡು ಮೊಮ್ಮಗ.

ನಮ್ಮಣ್ಣ ಬೈಕು ಹತ್ತಿದರೆ ಸೀದಾ ಕೆಲಸ, ಸಂಜೆ ಸೀದಾ ಮನೆ.

ಈಗ ಯೋಚನೆ ಮಾಡಿ. ಯಾರೋ ಸರ್ವೆಗೆ ಬಂದು ‘ಕೆಲಸಕ್ಕೆ ಹೇಗೆ ಹೋಗ್ತೀರಿ?’ ಅಂತ ಕೇಳಿದರೆ ಅಣ್ಣನ ಹತ್ತಿರ ಉತ್ತರ ಇದೆ. ಅಮ್ಮ ‘ನಾನು ಕೆಲಸಕ್ಕೆ ಹೋಗಲ್ಲಪ್ಪ’ ಅಂತಾಳೆ. ಅವಳ ಅಷ್ಟೂ ಓಡಾಟ ಅಲ್ಲಿಗೆ ಸೊನ್ನೆ. 2019ರಲ್ಲಿ ಕೇಂದ್ರ ಸರ್ಕಾರವೇ ಜನ ದಿನದ ಹೊತ್ತು ಹೇಗೆ ಕಳೆಯುತ್ತಾರೆ ಅಂತ ಲೆಕ್ಕ ಹಾಕಿತ್ತು. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು 97 ನಿಮಿಷ. ಈ 299 ನಿಮಿಷ ಬರೀ ಒಲೆ ಮುಂದೆ ಕಳೆಯೋದಲ್ಲ, ಸ್ವಲ್ಪ ಹೊತ್ತು ಬೀದಿಯಲ್ಲೂ ಕಳೆಯುತ್ತದೆ. ಹಾಗಿದ್ದಮೇಲೆ ಬೀದಿ ಮಾಡುವವರಿಗೆ ಅದು ಗೊತ್ತಿರಬೇಕು ಅಲ್ವಾ?

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1999ರಲ್ಲಿ ಒಂದು ಬಡಾವಣೆಯ ಜನರಿಗೆ ಓಡಾಟದ ಬಗ್ಗೆ ಪ್ರಶ್ನೆಪತ್ರ ಕೊಟ್ಟರು. ಹೆಚ್ಚಿನ ಗಂಡಸರು ಐದು ನಿಮಿಷದೊಳಗೆ ತುಂಬಿ ಕೊಟ್ಟರು. ಹೆಂಗಸರು ಬರೆಯುತ್ತಲೇ ಇದ್ದರು. ಮಗುವಿನ ಡಾಕ್ಟರು, ಶಾಲೆ, ಸಾಮಾನು, ತಾಯಿಯ ಮನೆ. ಅದನ್ನು ಓದಿದ ನಗರಾಡಳಿತ ಫುಟ್‌ಪಾತ್ ಅಗಲ ಮಾಡಿತು, ದೀಪ ಹಾಕಿತು. ಕೇಳಿದ್ದಕ್ಕೆ ತಾನೆ ಗೊತ್ತಾಗಿದ್ದು?

ನಮ್ಮ ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ಬಂತು. ರಸ್ತೆ ಆಗಿವೆ, ನಾನೇನೂ ಇಲ್ಲ ಅನ್ನಲ್ಲ. ಆದರೆ ಅವತ್ತು ಅಮ್ಮ ಫುಟ್‌ಪಾತ್ ಬಿಟ್ಟು ರಸ್ತೆಯಲ್ಲೇ ನಡೆಯುತ್ತಿದ್ದಳು. ಆಟೋ, ಬೈಕು ಮೈಗೆ ತಾಗುವ ಹಾಗೆ ಹೋಗುತ್ತಿವೆ. ‘ಮೇಲೆ ನಡಿಯಮ್ಮ’ ಅಂತ ರೇಗಿದೆ. ‘ನಾಲ್ಕು ಹೆಜ್ಜೆಗೊಮ್ಮೆ ಹತ್ತಬೇಕು, ಇಳೀಬೇಕು. ಮೊಣಕಾಲು ಹಿಡ್ಕಂತಾವೆ. ನೀನೇ ಈ ಡಬ್ಬ ಹಿಡ್ಕಂಡು ಹತ್ತಿ ನೋಡು’ ಅಂದಳು.

ಹತ್ತಿ ನೋಡಿದೆ. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಸಾಲಾಗಿ ನಿಲ್ಲಿಸಿದ ಬೈಕು, ಪ್ರತಿ ಗೇಟಿನ ಮುಂದೆ ಒಂದು ಗುಂಡಿಯಂಥ ಇಳಿಜಾರು. ಸಂಜೆ ಅಮ್ಮನ ಬ್ಲೌಸ್ ಅಳೆಯುವ ಟೇಪು ತಗೊಂಡು ಹೋಗಿ ಅಳೆದೆ. ರಸ್ತೆಯಿಂದ ಫುಟ್‌ಪಾತಿಗೆ 31 ಸೆಂಟಿಮೀಟರ್. ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ ಅನ್ನೋ ಸಂಸ್ಥೆಯ ಮಾರ್ಗಸೂಚಿ ಪ್ರಕಾರ 15 ಮೀರಬಾರದು. ನಡೆಯುವ ಜಾಗ ಅಡ್ಡಿ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ನಾನು ಅಳೆದ ಕಡೆ ಟೇಪು ಪೂರ್ತಿ ಬಿಚ್ಚುವಷ್ಟೂ ಜಾಗ ಇರಲಿಲ್ಲ. ನಮ್ಮಮ್ಮನ ಮೊಣಕಾಲು ಹೇಳಿದ್ದು ನಿಯಮದ ಪುಸ್ತಕದಲ್ಲೇ ಇದೆ!

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಅದು ದೊಡ್ಡ ಕೆಲಸ, ಮನಸಾರೆ ಹೇಳ್ತೀನಿ. ಆದರೆ ಮನೆಯಿಂದ ಸ್ಟಾಪಿನವರೆಗೂ ದಾರಿ ಬೇಕಲ್ಲ? ಕತ್ತಲಾದ ಮೇಲಂತೂ ಬೀದಿದೀಪ ರಸ್ತೆಯ ನಡುವೆ ಬೆಳಗುತ್ತದೆ, ನಡೆಯುವವರ ಮೇಲೆ ಮರದ ನೆರಳು. ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ ‘ಬೇಗ ಬಾ’ ಅಂತ ಹೇಳುವುದು ಬಿಟ್ಟು ಒಂದು ದೀಪ ಪಕ್ಕಕ್ಕೆ ತಿರುಗಿಸಿದ್ದರೆ ಆಗುತ್ತಿತ್ತು.

ಊರಿನ ಮಾಸ್ಟರ್ ಪ್ಲಾನ್, ಅಂದರೆ ಮುಂದೆ ಊರು ಹೇಗೆ ಬೆಳೀಬೇಕು ಅನ್ನೋ ನಕ್ಷೆ, ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡೋಕೆ ಕಾನೂನಿನಲ್ಲೇ ಅವಕಾಶ ಇದೆ. ಆದರೆ ಅದನ್ನು ಆಫೀಸಿನ ಹೊತ್ತಿನಲ್ಲಿ, ಆಫೀಸಿಗೇ ಹೋಗಿ ನೋಡಬೇಕು ಅಂದರೆ ಅಮ್ಮ ಆಗ ರೇಷನ್ ಸಾಲಿನಲ್ಲಿರುತ್ತಾಳೆ. ನಕ್ಷೆಯನ್ನೇ ಅಲ್ಲಿಗೆ ತನ್ನಿ. ರೇಷನ್ ಅಂಗಡಿಯ ಗೋಡೆಗೆ ಹಚ್ಚಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮಧ್ಯಾಹ್ನ ಮೂರು ಗಂಟೆಗೆ ಅಂಗನವಾಡಿಯಲ್ಲಿ ಕೂತು ಕೇಳಿ. ಎಲ್ಲಿ ಕೂರೋಕೆ ಕಲ್ಲುಬೆಂಚು ಬೇಕು, ಎಲ್ಲಿ ಶೌಚಾಲಯಕ್ಕೆ ಸದಾ ಬೀಗ ಇರುತ್ತೆ, ಯಾವ ತಿರುವಿನಲ್ಲಿ ಭಯ ಆಗುತ್ತೆ, ಅವರು ಬೆರಳಿಟ್ಟು ತೋರಿಸುತ್ತಾರೆ.

ನಾನು ಬರೆದುಕೊಂಡ ಪಟ್ಟಿ, ಅಳತೆ, ಫೋಟೋ ಎಲ್ಲ ಸೇರಿಸಿ ಅರ್ಜಿ ಮಾಡಿದ್ದೀನಿ. ನಮ್ಮ ಬೀದಿಯ ಹೆಂಗಸರು ಸಹಿ ಹಾಕ್ತಿದ್ದಾರೆ. ಮೊದಲ ಸಹಿ ಅಮ್ಮನದು. ಹಾಕಿ, ಟೇಪು ವಾಪಸ್ ಇಸ್ಕೊಂಡಳು. ನಿಮ್ಮ ಬೀದಿಯದನ್ನೂ ಅಳೆದು ಕಾಮೆಂಟಿನಲ್ಲಿ ಬರೀರಿ, ಎಷ್ಟು ಸೆಂಟಿಮೀಟರ್ ಅಂತ.