ರಸ್ತೆಗಿಂತ ಹಿರಿಯಳು ಲಿಜ್ಜಿ

ನಮಸ್ಕಾರ. ಬೆಳಗಾವಿಯಿಂದ ಮಾತನಾಡುತ್ತಿದ್ದೇನೆ. ಇಂದಿನ ಮಾತೆಲ್ಲ ಒಂದು ಸಣ್ಣ ಪಾತ್ರದ ಬಗ್ಗೆ, ಆ ಪಾತ್ರಕ್ಕೆ ಅಭಿಮಾನಿಗಳು ಚಿತ್ರ ಬರೆದು ಕಟ್ಟಿಕೊಡುವ ಪೂರ್ವಕಥೆಯ ಬಗ್ಗೆ.

2006ರಲ್ಲಿ ಪಿಕ್ಸಾರ್ ಸಂಸ್ಥೆ ತೆರೆಗೆ ತಂದ ‘ಕಾರ್ಸ್’ ಚಿತ್ರದಲ್ಲಿ ಮನುಷ್ಯರಿಲ್ಲ, ಇರುವುದೆಲ್ಲ ಮಾತನಾಡುವ ಗಾಡಿಗಳು. ಅಲ್ಲಿನ ರೇಡಿಯೇಟರ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಲಿಜ್ಜಿ ಎಂಬ ಮುದುಕಿ ಒಂದು ಅಂಗಡಿ ಇಟ್ಟುಕೊಂಡಿದ್ದಾಳೆ. 1923ರ ಫೋರ್ಡ್ ಮಾಡೆಲ್ ಟಿ ಗಾಡಿ ಆಕೆ. ಕ್ಯಾಥರೀನ್ ಹೆಲ್ಮಂಡ್ ಆಕೆಗೆ ದನಿ ಕೊಟ್ಟಿದ್ದರು. ಚಿತ್ರದಲ್ಲಿ ಆಕೆಗೆ ಸಿಕ್ಕಿರುವುದು ನಾಲ್ಕಾರು ಮಾತು ಮಾತ್ರ. ಮರೆವು ಹತ್ತಿದ ಮುದುಕಿಯಾಗಿ ಆಕೆ ಬರುತ್ತಾಳೆ, ನಾವು ನಗುತ್ತೇವೆ, ಕಥೆ ಮುಂದೆ ಓಡುತ್ತದೆ. ಊರು ಕಟ್ಟಿದ ಸ್ಟ್ಯಾನ್ಲಿ ಆಕೆಯ ಗಂಡ. ಆತ ಈಗ ಇಲ್ಲ, ಊರ ನಡುವೆ ಆತನ ಪ್ರತಿಮೆ ಇದೆ, ಅದರ ಮೇಲೆ 1909 ಎಂಬ ವರ್ಷವಿದೆ.

ಈ ಪಾತ್ರದ ಅಭಿಮಾನಿ ಚಿತ್ರಗಳು ಬಹುಪಾಲು ಒಂದೇ ದಾರಿ ಹಿಡಿದಿರುವುದನ್ನು ನೋಡಿದ್ದೇನೆ. ಪ್ರತಿಮೆಯ ಮುಂದೆ ಕಣ್ಣೀರಿಡುವ ಲಿಜ್ಜಿ, ಇಲ್ಲವೇ ಗುಲಾಬಿ ಬಣ್ಣದ ಮೈ, ಹೊಳೆಯುವ ಹಿತ್ತಾಳೆಯ ರೇಡಿಯೇಟರ್, ಮುಖದ ತುಂಬ ನಾಚಿಕೆ ಇರುವ ಮದುವಣಗಿತ್ತಿ ಲಿಜ್ಜಿ. ಬರೆದವರ ಪ್ರೀತಿಯ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಆದರೆ ಈ ಪಾತ್ರದೊಳಗೆ ಇದಕ್ಕಿಂತ ಬಹಳ ದೊಡ್ಡ ಕಥೆ ಇದೆ, ಅದು ಆಕೆಯ ಮಾದರಿ ವರ್ಷದಲ್ಲಿಯೇ ಅಡಗಿದೆ ಎಂಬುದು ನನ್ನ ವಾದ.

ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಊರು ಹುಟ್ಟಿದ್ದು 1909ರಲ್ಲಿ. ಲಿಜ್ಜಿ 1923ರವಳು. ಆ ಊರಿಗೆ ಜೀವ ತಂದ ರೂಟ್ 66 ಎಂಬ ಅಮೆರಿಕದ ಹೆದ್ದಾರಿಯನ್ನು ಗೊತ್ತುಮಾಡಿದ್ದು 1926ರಲ್ಲಿ, ಅದಕ್ಕೆ ಉದ್ದಕ್ಕೂ ಗಟ್ಟಿ ಹಾಸು ಬಿದ್ದು ಮುಗಿಯುವಷ್ಟರಲ್ಲಿ 1938 ಆಗಿತ್ತು, ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದ ಅದರ ಹೆಸರು ಹೋದದ್ದು 1985ರಲ್ಲಿ. ಇನ್ನು ಊರಿನ ಉಳಿದವರನ್ನು ನೋಡಿ. ಸಾರ್ಜ್ 1941ರ ವಿಲ್ಲಿಸ್ ಜೀಪು, ಶೆರಿಫ್ 1949ರ ಮರ್ಕ್ಯುರಿ, ಡಾಕ್ ಹಡ್ಸನ್ 1951ರ ಹಾರ್ನೆಟ್, ರಮೋನ್ 1959ರ ಇಂಪಾಲಾ, ಫಿಲ್ಮೋರ್ 1960ರ ಫೋಕ್ಸ್‌ವ್ಯಾಗನ್ ಬಸ್ಸು. ಇವರೆಲ್ಲರೂ ಹೆದ್ದಾರಿ ಬಂದ ಮೇಲೆ ಹುಟ್ಟಿದವರು. ಅವರ ಪಾಲಿಗೆ ಊರೆಂದರೆ ರಸ್ತೆ, ರಸ್ತೆ ಹೋದರೆ ಊರು ಹೋಯಿತು. ಅಲ್ಲಿರುವವರಲ್ಲಿ ಹೆದ್ದಾರಿ ಬರುವುದಕ್ಕೂ ಮುಂಚಿನ ಊರನ್ನು ಕಣ್ಣಾರೆ ಕಂಡಿರಬಹುದಾದವಳು ಲಿಜ್ಜಿ ಒಬ್ಬಳೇ. ಇಡೀ ಚಿತ್ರ ಹೆದ್ದಾರಿ ಕೈಬಿಟ್ಟ ಊರಿನ ದುಃಖದ ಮೇಲೆ ನಿಂತಿರುವಾಗ, ರಸ್ತೆಯಿಲ್ಲದೆಯೂ ಆ ಊರು ಒಮ್ಮೆ ಬಾಳಿತ್ತು ಎಂದು ಹೇಳಬಲ್ಲ ಏಕೈಕ ಸಾಕ್ಷಿಗೆ ಮರೆವಿನ ಕಾಯಿಲೆ ಕೊಟ್ಟು ಮೂಲೆಯಲ್ಲಿ ಕೂರಿಸಲಾಗಿದೆ. ಪೂರ್ವಕಥೆ ಬರೆಯುವವರು ಕೈ ಹಾಕಬೇಕಾದ ಜಾಗ ಇದು.

ಕೈ ಹಾಕುವಾಗ ಗಾಡಿಯ ಮೈಯನ್ನು ಓದಬೇಕು. ಫೋರ್ಡ್ ಕಂಪನಿ ಮಾಡೆಲ್ ಟಿಯನ್ನು 1908ರಿಂದ 1927ರವರೆಗೆ ತಯಾರಿಸಿತು, ಒಟ್ಟು ಒಂದೂವರೆ ಕೋಟಿ ಗಾಡಿಗಳು ಹೊರಬಂದವು. 1914ರಿಂದ 1925ರವರೆಗೆ ಅವಕ್ಕೆ ಕಪ್ಪು ಬಣ್ಣ ಬಿಟ್ಟು ಬೇರೆ ಬಣ್ಣವಿರಲಿಲ್ಲ. ಹಿತ್ತಾಳೆಯ ರೇಡಿಯೇಟರ್ 1916ಕ್ಕೇ ನಿಂತುಹೋಯಿತು. ಹಾಗಾಗಿ 1923ರ ಲಿಜ್ಜಿ ಗುಲಾಬಿಯಾಗಿರಲು ಸಾಧ್ಯವಿಲ್ಲ, ಆಕೆಯ ಮುಖದಲ್ಲಿ ಹಿತ್ತಾಳೆ ಹೊಳೆಯಲೂ ಸಾಧ್ಯವಿಲ್ಲ. ಇದು ಕಟ್ಟುಪಾಡಿನಂತೆ ಕೇಳಿಸಬಹುದು, ಚಿತ್ರಕಾರರಿಗೆ ಮಾತ್ರ ಇದರಿಂದ ಲಾಭವೇ ಹೆಚ್ಚು. ಯೌವನವನ್ನು ಬಣ್ಣದಿಂದ ತೋರಿಸುವ ಸುಲಭದ ದಾರಿ ಮುಚ್ಚಿದಾಗ ಹೊಳಪಿನಿಂದ ತೋರಿಸಬೇಕಾಗುತ್ತದೆ. ಹೊಸ ಕಪ್ಪು ಮೈಯಲ್ಲಿ ಎದುರಿಗೆ ಇರುವುದೆಲ್ಲ ಕಾಣುತ್ತದೆ. ಆಕೆಯ ಬಾಗಿಲಿನ ಮೇಲೆ ಬುಗ್ಗೆಯ ನೀರನ್ನೂ, ಅದರ ಪಕ್ಕದ ನಾಲ್ಕು ತಗಡಿನ ಮನೆಗಳನ್ನೂ, ಹಬೆ ಬಿಡುತ್ತ ನಿಂತ ಸ್ಟ್ಯಾನ್ಲಿಯನ್ನೂ ಪ್ರತಿಬಿಂಬವಾಗಿ ಬರೆಯಬಹುದು. ಇಡೀ ಊರು ಆಕೆಯ ಮೈಮೇಲೆ ಬಂದು ಕೂರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾಡೆಲ್ ಟಿಯ ಪೆಟ್ರೋಲಿನ ವ್ಯವಸ್ಥೆ. ಅದರಲ್ಲಿ ಪೆಟ್ರೋಲ್ ಎತ್ತಿ ಕೊಡುವ ಪಂಪು ಇರಲಿಲ್ಲ. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ತನ್ನ ಭಾರಕ್ಕೇ ಇಳಿದು ಎಂಜಿನ್ನಿಗೆ ಹರಿಯಬೇಕಿತ್ತು. ಕಡಿದಾದ ಏರಿನಲ್ಲಿ ಮೂತಿ ಮೇಲಾದಾಗ, ಅದರಲ್ಲೂ ಟ್ಯಾಂಕು ಅರ್ಧ ಖಾಲಿ ಇದ್ದಾಗ, ಹರಿವು ನಿಂತು ಎಂಜಿನ್ ಬಂದ್ ಬೀಳುತ್ತಿತ್ತು. ಅದಕ್ಕೆ ಚಾಲಕರು ಕಂಡುಕೊಂಡ ಉಪಾಯವೆಂದರೆ ಗಾಡಿಯನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಏರು ಹತ್ತಿಸುವುದು. ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಹೆಚ್ಚಿತ್ತು.

ಈಗ ಇದನ್ನು ಲಿಜ್ಜಿಗೆ ಹಚ್ಚಿ ನೋಡಿ. ಈ ಚಿತ್ರದ ಲೋಕದಲ್ಲಿ ಗಾಡಿಗಳ ಕಣ್ಣು ಹೆಡ್‌ಲೈಟಿನಲ್ಲಿಲ್ಲ, ಮುಂದಿನ ಗಾಜಿನಲ್ಲಿದೆ. ಆದ್ದರಿಂದ ಹರೆಯದ ಲಿಜ್ಜಿ ಗುಡ್ಡ ಹತ್ತುವಾಗ ಊರಿಗೆ ಬೆನ್ನು ಹಾಕುವುದಿಲ್ಲ. ಹಿಂದೆ ಹಿಂದೆ ಸರಿಯುತ್ತ, ಕೆಳಗಿನ ಊರನ್ನು ನೋಡುತ್ತಲೇ ಮೇಲೇರುತ್ತಾಳೆ. ಒಂದೊಂದು ತಿರುವಿಗೂ ಮನೆಗಳು ಸಣ್ಣವಾಗುತ್ತವೆ, ಬುಗ್ಗೆಯ ಹಸಿರು ಪಟ್ಟಿ ಮರುಭೂಮಿಯ ನಡುವೆ ಎದ್ದು ಕಾಣುತ್ತದೆ. ಉಳಿದ ಗಾಡಿಗಳು ಗುಡ್ಡದ ತುದಿಯನ್ನು ನೋಡುತ್ತ ಹತ್ತಿದರೆ ಈಕೆ ಬಿಟ್ಟು ಬಂದ ಊರನ್ನು ನೋಡುತ್ತ ಹತ್ತುತ್ತಾಳೆ. ಒಂದು ಪೆಟ್ರೋಲ್ ಕೊಳವೆಯ ದೋಷದಿಂದ ಒಂದು ಸ್ವಭಾವವೇ ಹುಟ್ಟಿಬರುತ್ತದೆ. ಕಣ್ಣೀರಿನ ಚಿತ್ರ ಹತ್ತು ಬರೆದರೂ ಬಾರದ ಆಪ್ತತೆ ಇಂಥ ಒಂದು ಚಿತ್ರದಲ್ಲಿ ಬರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸ್ಟ್ಯಾನ್ಲಿಯ ವಿಷಯಕ್ಕೆ ಬರೋಣ. ಆತನ ಹೆಸರೂ ಆಕಾರವೂ ಅಮೆರಿಕದ ಸ್ಟ್ಯಾನ್ಲಿ ಸ್ಟೀಮರ್ ಎಂಬ ಹಬೆ ಗಾಡಿಯನ್ನು ನೆನಪಿಸುತ್ತವೆ. ಫ್ರಾನ್ಸಿಸ್ ಮತ್ತು ಫ್ರೀಲನ್ ಸ್ಟ್ಯಾನ್ಲಿ ಎಂಬ ಅವಳಿ ಸಹೋದರರ ಕಂಪನಿ ಅದನ್ನು ತಯಾರಿಸುತ್ತಿತ್ತು. 1906ರಲ್ಲಿ ಅವರ ಒಂದು ಗಾಡಿ ಗಂಟೆಗೆ 127 ಮೈಲಿಗೂ ಮೀರಿದ ವೇಗ ಮುಟ್ಟಿ ದಾಖಲೆ ಮಾಡಿತ್ತು. ಹಬೆ ಗಾಡಿ ಓಡಬೇಕಾದರೆ ಬಾಯ್ಲರಿಗೆ ನೀರು ಬೇಕು. ಬಿಟ್ಟ ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ 1915ರ ಸುಮಾರಿಗೆ ಬಂತು, ಅದಕ್ಕಿಂತ ಹಿಂದಿನ ಗಾಡಿಗಳು ದಾರಿಯುದ್ದಕ್ಕೂ ನೀರು ಕುಡಿಯುತ್ತಲೇ ಹೋಗಬೇಕಿತ್ತು. 1909ರಲ್ಲಿ ಮರುಭೂಮಿಯ ಬುಗ್ಗೆಯೊಂದರ ಬಳಿ ಇಂಥ ಗಾಡಿ ನಿಂತು ಊರು ಕಟ್ಟಿತು ಎಂದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 2012ರಲ್ಲಿ ಬಂದ ಒಂದು ಕಿರುಚಿತ್ರದಲ್ಲಿ ಸ್ಟ್ಯಾನ್ಲಿ ಊರು ಕಟ್ಟಿದ ಬಗೆ ಬರುತ್ತದೆ. ಅದನ್ನು ಹೇಳುವವನು ಆ ಊರಿನ ಟೋ ಟ್ರಕ್ ಮೇಟರ್, ಆತ ಹೇಳುವುದೆಲ್ಲ ಬಣ್ಣ ಕಟ್ಟಿದ ಕಥೆ ಎಂದು ಆ ಸರಣಿಯೇ ಒಪ್ಪಿಕೊಂಡಿರುವುದರಿಂದ ಚಿತ್ರಕಾರರ ಕೈ ಅಲ್ಲಿಗೆ ಕಟ್ಟಿಹೋಗುವುದಿಲ್ಲ.

ಸ್ಟ್ಯಾನ್ಲಿ ಕಂಪನಿ 1924ರಲ್ಲಿ ತಯಾರಿಕೆ ನಿಲ್ಲಿಸಿತು. ಅದಕ್ಕೂ ಒಂದು ವರ್ಷ ಮುಂಚೆ, ಅಂದರೆ ಲಿಜ್ಜಿ ಹುಟ್ಟಿದ 1923ರಲ್ಲಿ, ಮಾಡೆಲ್ ಟಿಯ ತಯಾರಿಕೆ ವರ್ಷಕ್ಕೆ ಸುಮಾರು 20 ಲಕ್ಷಕ್ಕೆ ಏರಿತ್ತು. ಲಿಜ್ಜಿಯ ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುವ ಕಾಲ, ಗಂಡನ ಬಿಡಿಭಾಗ ಎಲ್ಲಿಯೂ ಸಿಗದ ಕಾಲ. ಇಷ್ಟು ತಿಳಿದ ಮೇಲೆ ಸ್ಟ್ಯಾನ್ಲಿಯ ಸಾವಿಗೆ ಅಪಘಾತವನ್ನೋ ವೈರಿಯನ್ನೋ ಕಲ್ಪಿಸುವ ಚಿತ್ರಗಳು ನನಗೆ ರುಚಿಸುವುದಿಲ್ಲ.

ಇಲ್ಲಿ ಬೆಳಗಾವಿಯವರ ಕಣ್ಣಿಗೆ ಕಾಣುವ ಒಂದು ಸಂಗತಿ ಇದೆ. ನಮ್ಮ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಅವುಗಳ ಸುತ್ತಲಿನ ಲೇತ್ ಮಷಿನ್ನಿನ ಶೆಡ್ಡುಗಳಲ್ಲಿ, ಎರಕದ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಕಂಪನಿಯೇ ಮುಚ್ಚಿಹೋದ ಗಾಡಿಯ ಸವೆದ ಭಾಗವೊಂದನ್ನು ಕುಶಲ ಮಿಸ್ತ್ರಿಯ ಮುಂದಿಟ್ಟರೆ, ಆತ ಅದನ್ನು ಅಳೆದು, ಸವೆದು ಹೋದದ್ದೆಷ್ಟು ಎಂದು ಅಂದಾಜು ಮಾಡಿ, ಕಟ್ಟಿಗೆಯ ಪ್ಯಾಟರ್ನ್ ಮಾಡಿಸುತ್ತಾನೆ. ಕಾಯ್ದ ಕಬ್ಬಿಣ ಆರುವಾಗ ಕುಗ್ಗುತ್ತದೆಯಾದ್ದರಿಂದ ಪ್ಯಾಟರ್ನ್ ನೂರಕ್ಕೆ ಒಂದರಷ್ಟು ದೊಡ್ಡದಿರಬೇಕು. ಉಸುಕಿನ ಅಚ್ಚಿನಲ್ಲಿ ಅದರ ಗುರುತು ಮೂಡಿಸಿ, ಎರಕ ಹೊಯ್ದು, ಲೇತಿಗೆ ಕಟ್ಟಿ ಕೆತ್ತಿದ ಮೇಲೆ ಹೊಸ ಭಾಗ ಕೈಗೆ ಬರುತ್ತದೆ. ಹಳೆಯದು ಇರುವವರೆಗೆ ಮಾತ್ರ ಈ ಕೆಲಸ ಸಾಧ್ಯ. ಮಾದರಿಯೇ ಕಳೆದುಹೋದರೆ ಎಂಥ ಮಿಸ್ತ್ರಿಯ ಕೈಯೂ ನಿಲ್ಲುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಮುರಿದ ಗೇರು, ಸವೆದ ಬುಷ್ ಯಾವುದನ್ನೂ ಗುಜರಿಗೆ ಹಾಕದೆ ಡಬ್ಬಿಯಲ್ಲಿ ತುಂಬಿಡುವುದು ಇದೇ ಕಾರಣಕ್ಕೆ.

ಹಾಗಿದ್ದರೆ ಲಿಜ್ಜಿಯ ಅಂಗಡಿ ಏನಾಗಿತ್ತು? ಚಿತ್ರದಲ್ಲಿ ಅದು ಪ್ರವಾಸಿಗರಿಗೆ ನೆನಪಿನ ವಸ್ತು ಮಾರುವ ಅಂಗಡಿ. ಪ್ರವಾಸಿಗರು ಬಂದದ್ದು ಹೆದ್ದಾರಿ ಬಂದ ಮೇಲೆ. ಅದಕ್ಕಿಂತ ಮುಂಚೆ ಆ ಕಪಾಟುಗಳಲ್ಲಿ ಇದ್ದದ್ದು ಗಂಡನ ಹಳೆಯ ಭಾಗಗಳು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಸುಟ್ಟ ಬರ್ನರ್, ಸೋರುವ ವಾಲ್ವ್, ತೇಪೆ ಹಾಕಿದ ನೀರಿನ ಕೊಳವೆ, ಪ್ರತಿಯೊಂದಕ್ಕೂ ಒಂದು ಚೀಟಿ. ಯಾವ ಊರಿನ ಎರಕದವರ ಹತ್ತಿರವಾದರೂ ಒಂದು ದಿನ ತೆಗೆದುಕೊಂಡು ಹೋಗಬಹುದು ಎಂದು ಜೋಡಿಸಿಟ್ಟದ್ದು. ಮುಂದೆ ಹೆದ್ದಾರಿಯಲ್ಲಿ ಬಂದ ಅಪರಿಚಿತನೊಬ್ಬ ಆ ವಾಲ್ವನ್ನು ಕೈಗೆತ್ತಿಕೊಂಡು ಬೆಲೆ ಕೇಳುತ್ತಾನೆ. ಲಿಜ್ಜಿ ಕೊಡುತ್ತಾಳೆಯೋ ಇಲ್ಲವೋ? ಈ ಒಂದು ಪ್ರಶ್ನೆಯ ಮೇಲೆ ಸಾಲು ಚಿತ್ರಗಳನ್ನೇ ಬರೆಯಬಹುದು. ಆಕೆಯ ಮರೆವಿಗೂ ಇದರಿಂದ ಬೇರೆ ತೂಕ ಬರುತ್ತದೆ. ಎಲ್ಲ ಭಾಗಗಳನ್ನೂ ಹೆಸರಿಟ್ಟು ಕಾಪಾಡಿದವಳಿಗೆ ಕೊನೆಗಾಲದಲ್ಲಿ ಹೆಸರುಗಳೇ ಕೈಕೊಡುತ್ತವೆ.

ಒಂದು ಆಕ್ಷೇಪಣೆ ಬರುತ್ತದೆ, ಅದು ತಳ್ಳಿಹಾಕುವಂಥದ್ದಲ್ಲ. ನಗಿಸಲು ಇಟ್ಟ ಸಣ್ಣ ಪಾತ್ರದ ಮೇಲೆ ಇಷ್ಟು ಇತಿಹಾಸ ಹೇರಿದರೆ ಪಾತ್ರ ಕುಸಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ಪಿಕ್ಸಾರ್ ಸಂಸ್ಥೆಯೇ ಮಾಡಿದ ಕೆಲಸವನ್ನು ತೋರಿಸುತ್ತೇನೆ. 2017ರಲ್ಲಿ ಬಂದ ‘ಕಾರ್ಸ್’ ಸರಣಿಯ ಮೂರನೆಯ ಚಿತ್ರದಲ್ಲಿ ರಿವರ್ ಸ್ಕಾಟ್ ಎಂಬ ಹಳೆಯ ಓಟದ ಗಾಡಿ ಸ್ವಲ್ಪ ಹೊತ್ತು ಬಂದು ಹೋಗುತ್ತದೆ. ಅದರ ಹಿಂದೆ ಇರುವವರು ವೆಂಡೆಲ್ ಸ್ಕಾಟ್ ಎಂಬ ಕರಿಯ ಓಟಗಾರ. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಅವರು ಕಾರ್ ಓಟವೊಂದನ್ನು ಗೆದ್ದರು. ಅಂದು ಮೈದಾನದಲ್ಲಿ ಬೇರೊಬ್ಬನನ್ನು ವಿಜೇತ ಎಂದು ಸಾರಲಾಯಿತು, ಗೆಲುವು ಸ್ಕಾಟ್ ಅವರದೇ ಎಂದು ಒಪ್ಪಿದ್ದು ಆಮೇಲೆ. ಅವರು 1990ರಲ್ಲಿ ತೀರಿಕೊಂಡರು, ಓಟ ನಡೆಸುವ ಸಂಸ್ಥೆ ಆ ಗೆಲುವಿನ ಟ್ರೋಫಿಯನ್ನು ಅವರ ಕುಟುಂಬದ ಕೈಗಿತ್ತದ್ದು 2021ರಲ್ಲಿ. ಇದನ್ನು ತಿಳಿದು ಚಿತ್ರ ನೋಡಿದಾಗ ರಿವರ್ ಸ್ಕಾಟ್‌ನ ಒಂದೊಂದು ಮಾತೂ ಬೇರೆಯಾಗಿ ಕೇಳಿಸುತ್ತದೆ. ಪಾತ್ರ ಕುಸಿಯಲಿಲ್ಲ, ನಿಜವಾದ ಬದುಕಿನ ಆಧಾರ ಸಿಕ್ಕಿ ನೆಟ್ಟಗೆ ನಿಂತಿತು. ಲಿಜ್ಜಿಗೆ ಅಂಥ ಒಬ್ಬ ವ್ಯಕ್ತಿಯ ಆಧಾರವಿಲ್ಲದಿದ್ದರೂ ಇಡೀ ಗಾಡಿಯ ಇತಿಹಾಸ ಆಕೆಯ ಬೆನ್ನಿಗಿದೆ.

ನಮ್ಮ ಕಡೆಯ ಹುಡುಗ ಹುಡುಗಿಯರು ಲಿಜ್ಜಿಗೆ ಇಳಕಲ್ ಸೀರೆಯ ಅಂಚು ಬರೆದು ಇಲ್ಲಿಯವಳನ್ನಾಗಿ ಮಾಡುವುದುಂಟು. ಅದು ನನಗೆ ಒಪ್ಪಿಗೆಯಲ್ಲ. ಆಕೆಯ ಬುಗ್ಗೆ, ಮರುಭೂಮಿ, ಹೆದ್ದಾರಿ ಮೂರೂ ಅಮೆರಿಕದವು, ಅವನ್ನು ಕಿತ್ತರೆ ಕಥೆಯೇ ಉಳಿಯುವುದಿಲ್ಲ. ಇಲ್ಲಿಯದೇ ಗಾಡಿ ಬೇಕೆಂದರೆ ನಮ್ಮಲ್ಲಿ ಕೊರತೆಯಿಲ್ಲ. ಬೆಳಗಾವಿಯ ಪಿ.ಬಿ. ರೋಡ್ ಒಂದು ಕಾಲಕ್ಕೆ ಪುಣೆ ಮತ್ತು ಬೆಂಗಳೂರಿನ ನಡುವಿನ ವಾಹನಗಳನ್ನೆಲ್ಲ ಊರೊಳಗಿಂದಲೇ ದಾಟಿಸುತ್ತಿತ್ತು, ಇಂದು ದೂರದ ಲಾರಿಗಳು ಬೈಪಾಸ್ ಹಿಡಿದು ಹೋಗುತ್ತವೆ, ಹೆಸರು ಮಾತ್ರ ಇಲ್ಲಿ ಉಳಿದಿದೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ 1880ರ ದಶಕದವರೆಗೆ ಜಿಲ್ಲಾ ಕೇಂದ್ರವಾಗಿತ್ತು, ಕಚೇರಿಗಳೆಲ್ಲ ವಿಜಾಪುರಕ್ಕೆ ಹೋದ ಮೇಲೆಯೂ ಊರು ಬಾಳಿತು, ಈಗ ದಾಳಿಂಬೆ, ಚಿಕ್ಕು ಬೆಳೆಯುತ್ತಿದೆ. ಇವಕ್ಕೆ ತಕ್ಕ ಹೊಸ ಪಾತ್ರಗಳನ್ನು ಹುಟ್ಟಿಸಿ. ಲಿಜ್ಜಿಯನ್ನು ಆಕೆಯ ಊರಿನಲ್ಲಿಯೇ ಬಿಡಿ.

ಚಿತ್ರ ಬರೆಯಲು ಕೂರುವವರು ಮೊದಲೇ ತೀರ್ಮಾನಿಸಬೇಕಾದ ಒಂದು ವಿಷಯ ಉಳಿದಿದೆ. ಸ್ಟ್ಯಾನ್ಲಿ 1926ರ ಹೆದ್ದಾರಿಯನ್ನು ಕಂಡನೋ, ಕಾಣದೆ ಹೋದನೋ? ಕಾಣದೆ ಹೋದ ಎಂದರೆ ಕರುಣೆ ಹೆಚ್ಚು, ಬಹಳ ಜನ ಆ ಕಡೆಗೇ ವಾಲುತ್ತಾರೆ. ನಾನು ಕಂಡ ಎನ್ನುವ ಪಕ್ಷದವನು. ನೀರಿಗಾಗಿ ನಿಂತು ಊರು ಕಟ್ಟಿದವನ ಕಣ್ಣೆದುರಿಗೇ ಬಾಯ್ಲರಿಗೆ ನೀರು ಬೇಡದ, ಪೆಟ್ರೋಲಿನಿಂದ ಓಡುವ ಸಾಲು ಸಾಲು ಗಾಡಿಗಳು ಬರಬೇಕು. ಅವುಗಳ ವ್ಯಾಪಾರದಿಂದ ಊರು ಬೆಳೆಯುವುದನ್ನು ನೋಡಿ ಆತ ಸಂತೋಷಪಡಬೇಕು, ಬುಗ್ಗೆಯನ್ನು ಕೇಳುವವರು ಕಡಿಮೆಯಾದದ್ದಕ್ಕೆ ಒಳಗೊಳಗೆ ನೋಯಬೇಕು, ಈ ಎರಡನ್ನೂ ಹಂಚಿಕೊಳ್ಳಲು ಆತನಿಗೆ ಲಿಜ್ಜಿ ಒಬ್ಬಳೇ ಇರಬೇಕು. ಆ ಮೊದಲ ವರ್ಷಗಳ ಊರನ್ನು ಬರೆಯುವವರಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಆ ಚಿತ್ರಗಳನ್ನೇ ಎದುರಿಗಿಟ್ಟುಕೊಂಡು ಮಾತನಾಡುತ್ತೇನೆ.